ಕೈ ಇರುವ ಕುರ್ಚಿ

ಬಳ್ಳಾರಿ, ಬ್ರೂಸ್‌ಪೇಟೆ
12 ಜುಲೈ 1976

ಸಿರುಗುಪ್ಪ ಸಂಸ್ಥಾನದ ಪಟ್ಟದರಸಿ, ಅಕ್ಕಿ ಗಿರಣಿಯ ರೈಟರ್ ಸಾಹೇಬರ ಧರ್ಮಪತ್ನಿ, ನನ್ನ ಕಿವಿ ಹಿಂಡುವ ಹಕ್ಕನ್ನು ಹುಟ್ಟಿನಿಂದಲೇ ಪಡೆದು ಬಂದಿರುವ ಅಕ್ಕನಾಗಮ್ಮನವರ ಸನ್ನಿಧಾನಕ್ಕೆ, ಅವರ ಒಬ್ಬನೇ ತಮ್ಮನೂ ನಿರುದ್ಯೋಗಿಗಳ ಸಂಘದ ಅಧ್ಯಕ್ಷನೂ ಆದ ಉಜ್ಜಿನಪ್ಪ, ಬಿ.ಎ., ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಅಧ್ಯಕ್ಷ ಎಂದದ್ದು ಸುಳ್ಳಲ್ಲ. ಉದ್ಯೋಗ ವಿನಿಮಯ ಕಚೇರಿಯ ಮುಂದೆ ಒಂದು ಬೇವಿನ ಮರವಿದೆ. ಕೆಲಸ ಕೇಳಿಕೊಂಡು ಬಂದವರೆಲ್ಲ ಅದರ ನೆರಳಿನಲ್ಲೇ ಕೂರುವುದು. ಹೋದ ವಾರ ನಾನು ಅಲ್ಲಿ ಕಲ್ಲೊಂದರ ಮೇಲೆ ಹತ್ತಿ ನಿಂತು, "ಮಹನೀಯರೇ, ದೇಶದಲ್ಲಿ ಎಲ್ಲರಿಗೂ ಸಂಘವಿದೆ. ಕೆಲಸ ಹುಡುಕುವ ಕೆಲಸವನ್ನು ರಜೆಯಿಲ್ಲದೆ ಮಾಡುತ್ತಿರುವ ನಮಗೆ ಮಾತ್ರ ಇಲ್ಲ" ಎಂದು ಭಾಷಣ ಬಿಗಿದೆ. ಸರ್ವಾನುಮತದಿಂದ ನನ್ನನ್ನೇ ಆರಿಸಿದರು. ಖಜಾನೆ ಇಲ್ಲವಾದ್ದರಿಂದ ಖಜಾಂಚಿ ಬೇಡವೆಂದು ಠರಾವಾಯಿತು. ಅಷ್ಟರಲ್ಲಿ ಕಚೇರಿಯ ಗುಮಾಸ್ತರು ಕಿಟಕಿಯಿಂದ ತಲೆ ಹಾಕಿದರು.

"ಏನ್ರಲೇ ಅದು ಗದ್ಲ?"

"ಸಭಾ ನಡದೈತ್ರಿ. ನೀವೇ ಮುಖ್ಯ ಅತಿಥಿ, ಬರ್ರಿ!"

ಬಂದರು, ಅಕ್ಕಾ! ಬಂದು ನಮ್ಮ ಚಹಾ ಕುಡಿದು, "ದೇವರು ಎಲ್ಲಾರಿಗೂ ಚೊಲೋ ಮಾಡ್ಲಿ" ಎಂದು ಸಮಾರೋಪ ಭಾಷಣವನ್ನೂ ಮಾಡಿ ಹೋದರು.

ಚಿಕ್ಕವ್ವ ಜಡೆಮ್ಮನ ಮನೆಯಲ್ಲಿ ರೊಟ್ಟಿಗೆ ಕೊರತೆಯಿಲ್ಲ. ಊರೆಲ್ಲ ತಿರುಗಿ ಬಂದು ಬಿದ್ದರೆ ಕಲ್ಲಿನಂಥ ನಿದ್ದೆ. ಕುರುಗೋಡಿನಿಂದ ಅಪ್ಪನ ಪತ್ರ ಬಂದಿತ್ತು: ಕೆಲಸ ಸಿಗುವ ತನಕ ಊರಿಗೆ ಕಾಲಿಡಬೇಡ, ಅದರಲ್ಲೂ ಕಾಮನ ಹುಣ್ಣಿಮೆಗಂತೂ ಬರಲೇಬೇಡ ಎಂದು. ಪಕ್ಕದ ಮನೆಯ ದೊಡ್ಡಬಸಮ್ಮನ ಸಗಣಿ ಕುಳ್ಳನ್ನು ಈ ಸಲವೂ ನಾನೇ ಕದ್ದದ್ದು ಅಪ್ಪನಿಗೆ ಇನ್ನೂ ಅರಗಿಲ್ಲ. ನೀನೇ ಹೇಳು, ಕಾಮಣ್ಣನನ್ನು ಸುಡುವ ಕಟ್ಟಿಗೆ ಕುಳ್ಳನ್ನು ಕದ್ದೇ ತರಬೇಕೆಂಬ ಶಾಸ್ತ್ರ ನಾನು ಮಾಡಿದ್ದೇ? ಮುದುಕಿ ಬಾಯಿ ಬಡಿದುಕೊಂಡು ಏಳು ತಲೆಮಾರನ್ನು ಬೈದಳು ನಿಜ. ಮರುದಿನ ನನ್ನನ್ನೇ ಕರೆದು ಹೋಳಿಗೆ ಬಡಿಸಿದ್ದನ್ನು ಅಪ್ಪ ಯಾಕೆ ಬರೆಯುವುದಿಲ್ಲ?

ಇಂತಿ ಅಧ್ಯಕ್ಷ.

*

ಸಿರುಗುಪ್ಪ
24 ಜುಲೈ 1976

ಚಿ. ಉಜ್ಜಿನಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರವನ್ನು ನಿನ್ನ ಮಾವ ಊಟಕ್ಕೆ ಕೂತಾಗ ಓದಿ, ನಕ್ಕು, ಅನ್ನ ನೆತ್ತಿಗೇರಿಸಿಕೊಂಡರು. ನಾನು ನಗಲಿಲ್ಲ. ಒಳಗೆ ಹೋಗಿ ನಕ್ಕೆ, ಅದು ಬೇರೆ.

ಉಜ್ಜಿ, ನೀನು ಪಾಸಾಗಿ ವರ್ಷವಾಯಿತು. ಅಪ್ಪ ಬಸ್ ನಿಲ್ಲುವ ಕಡೆ ಹೋಗುವುದನ್ನೇ ಬಿಟ್ಟಿದ್ದಾನೆ. "ನಿಮ್ಮ ಹುಡುಗ ಏನ್ ಮಾಡ್ತಾನ್ರಿ?" ಅಂತ ಯಾರಾದರೂ ಕೇಳಿಬಿಡುತ್ತಾರೆ, ಅದಕ್ಕೆ. ಯಾವ ಕೆಲಸವಾದರೂ ಸರಿ, ಹಿಡಿ. ಒಳ್ಳೆಯದು ಕೆಟ್ಟದ್ದು ಅಂತ ಆರಿಸುತ್ತ ಕೂರಬೇಡ. ಕೆಳಗೊಂದು ಕುರ್ಚಿ, ಮೇಲೊಂದು ಫ್ಯಾನು ಇದ್ದರೆ ನಡುವೆ ಕೂತವನಿಗೆ ಗಾಂಭೀರ್ಯ ತಾನಾಗಿಯೇ ಬರುತ್ತದೆ. ನಗಿಸುವುದನ್ನು ಆಮೇಲೆ ನೋಡಿಕೊಂಡರಾಯಿತು.

ಅಕ್ಕನಾಗಮ್ಮ

*

ಬಳ್ಳಾರಿ
11 ಆಗಸ್ಟ್ 1976

ಅಕ್ಕನ ಅಪ್ಪಣೆಯಂತೆ ಕೆಳಗೆ ಕುರ್ಚಿ, ಮೇಲೆ ಫ್ಯಾನು, ನಡುವೆ ಉಜ್ಜಿನಪ್ಪ!

ಸಾಹುಕಾರ ತಿಪ್ಪೇರುದ್ರಪ್ಪನವರ ಎಂಜಿನ್ ಅಂಗಡಿಯಲ್ಲಿ ನಾನೀಗ ಮ್ಯಾನೇಜರ್. ನದಿಯಿಂದ ಹೊಲಕ್ಕೆ ನೀರು ಎತ್ತುವ ಡೀಸೆಲ್ ಎಂಜಿನ್‌ಗಳು, ಬರುವುದು ಮದರಾಸಿನಿಂದ. ಲೆಕ್ಕ ನೋಡುವವನು ಅವರ ಅಳಿಯ. ಮಾಲು ಎತ್ತುವವರು ಹಮಾಲರು. ಹಾಗಾದರೆ ನಿನ್ನ ತಮ್ಮನ ಕೆಲಸವೇನು? ಕಾಣಿಸುವುದು. ಗಾಜಿನ ಕೋಣೆಯಲ್ಲಿ ಬೂಟು ಹಾಕಿಕೊಂಡು ಕೂರಬೇಕು. ಮೇಜಿನ ಮೇಲೆ ಕರಿ ಟೆಲಿಫೋನು. ಅದರ ವೈರು ಗೋಡೆಯ ತೂತಿನಲ್ಲಿ ಆಚೆ ಹೋಗುತ್ತದೆ. ಕುತೂಹಲ ತಡೆಯದೆ ಗೋಡೆಯ ಹಿಂದೆ ಹೋಗಿ ನೋಡಿದೆ. ಅಲ್ಲಿ ಒಂದು ಮೊಳೆಗೆ ಗಂಟು ಹಾಕಿದ್ದಾರೆ!

ಕನೆಕ್ಷನ್ನಿಗೆ ಅರ್ಜಿ ಹಾಕಿ ಬಹಳ ಕಾಲವಾಯಿತಂತೆ, ಸರದಿ ಬಂದಿಲ್ಲ. ಅಲ್ಲಿಯ ತನಕ ಅಂಗಡಿಯ ಮರ್ಯಾದೆ ಉಳಿಯಬೇಕಲ್ಲ? "ರೈತ್ರು ಬಂದ್ರ ಎತ್ತಿ ಮಾತಾಡಪಾ. ಮದರಾಸು ಅನ್ನು. ಇಂಗ್ಲೀಷಿನಾಗ ನಾಕ್ ಮಾತು ಒಗಿ" ಎಂದು ಸಾಹುಕಾರರ ಉಪದೇಶ. ನಿನ್ನೆ ರಾರಾವಿಯ ಕಡೆಯ ರೈತರು ಬಂದಾಗ ನಾನು ಮದರಾಸಿನವನನ್ನು ಎಂಥ ಜೋರಿನಲ್ಲಿ ಬೈದೆನೆಂದರೆ, ಬಂದವರು ಎದ್ದು ನಿಂತು, "ಹೋಗ್ಲಿ ಬಿಡ್ರಿ ಸಾಹೇಬ್ರ, ಪಾಪ, ಅವನೂ ಮಕ್ಕಳೊಂದಿಗ" ಎಂದು ಮದರಾಸಿನ ಪರವಾಗಿ ನನ್ನ ಕೈ ಹಿಡಿದರು.

ಯೋಚಿಸು ಅಕ್ಕಾ. ಜನ್ಮವಿಡೀ ಬಿಟ್ಟಿಯಾಗಿ ಮಾಡಿದ ಹುಡುಗಾಟಕ್ಕೆ ಈಗ ಸಂಬಳ!

ಇಂತಿ ಮೊಳೆಯ ಮುಖಾಂತರ ಮದರಾಸನ್ನು ಆಳುತ್ತಿರುವ,
ಉಜ್ಜಿನಪ್ಪ, ಮ್ಯಾನೇಜರ್

*

ಬಳ್ಳಾರಿ
6 ಅಕ್ಟೋಬರ್ 1976

ಅಕ್ಕಾ,

ಮೊನ್ನೆ ಆಯುಧ ಪೂಜೆ. ಸಿರುಗುಪ್ಪದಲ್ಲಿ ನೀವು ಗಿರಣಿಯ ಯಂತ್ರಕ್ಕೆ ಪೂಜೆ ಮಾಡಿರುತ್ತೀರಿ. ನಾನು ನನ್ನ ಆಯುಧಕ್ಕೆ, ಅಂದರೆ ಟೆಲಿಫೋನಿಗೆ, ವಿಭೂತಿ ಬಳಿದು ಕಾಯಿ ಒಡೆದೆ. ಊರ ಗೋಡೆಗಳ ಮೇಲೆಲ್ಲ ಸರ್ಕಾರದವರು ಮಾತು ಕಡಿಮೆ ಮಾಡಿ ಹೆಚ್ಚು ದುಡಿಯಿರಿ ಅಂತ ಬರೆಸಿದ್ದಾರೆ. ನಮ್ಮ ಕೋಣೆಯಲ್ಲಿ ದುಡಿಮೆ ಇಲ್ಲ, ಮಾತು ಧಾರಾಳ, ಕೇಳುವವರು ಮಾತ್ರ ಇಲ್ಲ. ಎರಡೂ ಆಜ್ಞೆಗಳನ್ನು ಒಟ್ಟಿಗೇ ಮುರಿಯುತ್ತಿರುವವನು ಜಿಲ್ಲೆಗೆ ನಾನೊಬ್ಬನೇ ಇರಬೇಕು.

ಕರೂರಿನಿಂದ ಯಂಕಮ್ಮ ಅಂತ ಒಬ್ಬ ಮುದುಕಿ ವಾರ ವಾರ ಬರುತ್ತಾಳೆ. ನಮ್ಮಲ್ಲೇ ಕೊಂಡ ಎಂಜಿನ್ನು. ಅದರ ವಾಲ್ವು ಹೋಗಿ ಸುಮ್ಮನೆ ನಿಂತಿದೆ. ಪೂಜೆಯ ದಿನವೂ ಬಂದಿದ್ದಳು. ತನ್ನ ತುರುಬಿನಲ್ಲಿದ್ದ ಚೆಂಡು ಹೂವನ್ನು ತೆಗೆದು ಫೋನಿಗೆ ಏರಿಸಿ, "ಇದು ಇರೋದಕ್ಕ ನನ್ನ ಮಾತು ಅಷ್ಟು ದೂರ ಹೊಕ್ಕೈತಿ ನೋಡಪಾ" ಎಂದು ಕೈ ಮುಗಿದಳು. ನಾನು ಎತ್ತಿ ಮದರಾಸಿಗೆ ಮಾತನಾಡಿದೆ. ಚೆನ್ನಾಗಿಯೇ ಮಾತನಾಡಿದೆನಂತೆ, ಸಾಹುಕಾರರು ಬೆನ್ನು ತಟ್ಟಿದರು.

ಇದರ ಮುಂದೆ ಏನೋ ತಮಾಷೆ ಬರೆಯಬೇಕೆಂದು ಕೂತಿದ್ದೆ. ಮರೆತುಹೋಯಿತು.

ಉಜ್ಜಿ

*

ಬಳ್ಳಾರಿ
3 ಡಿಸೆಂಬರ್ 1976

ಸೌ. ಅಕ್ಕನಾಗಮ್ಮನವರಿಗೆ ನಮಸ್ಕಾರಗಳು.

ಇಲ್ಲಿ ಕ್ಷೇಮ. ನಿನ್ನ ಎರಡು ಪತ್ರಗಳೂ ತಲುಪಿದವು. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಕೆಲಸ ನಡೆದಿದೆ. ಮಾವನವರಿಗೆ ನಮಸ್ಕಾರ ತಿಳಿಸುವುದು. ಬೇರೆ ವಿಶೇಷವಿಲ್ಲ.

ಉಜ್ಜಿನಪ್ಪ

*

ಸಿರುಗುಪ್ಪ
18 ಡಿಸೆಂಬರ್ 1976

ಚಿ. ಉಜ್ಜಿನಪ್ಪನಿಗೆ ಆಶೀರ್ವಾದ.

ನಿನ್ನ ಪತ್ರ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಎಂಥ ತೂಕದ ಪತ್ರ! ಒಂದು ಹೆಚ್ಚಿನ ಮಾತಿಲ್ಲ. ಓದಿದ ಮೇಲೆ ನಿನ್ನ ಮಾವ, "ಇದು ಉಜ್ಜಿ ಬರದದ್ದ ಹೌದಾ?" ಅಂತ ಹಿಂದೆ ಮುಂದೆ ತಿರುವಿ ನೋಡಿದರು. ಅವರಿಗೇನು ಗೊತ್ತು. ಸಂಬಳದ ಕುರ್ಚಿ ಎಂಥವನನ್ನೂ ತಿದ್ದುತ್ತದೆ ಅಂದೆ.

ಆ ಪತ್ರವನ್ನೇ ಕುರುಗೋಡಿಗೆ ಕಳಿಸಿದೆ. ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಈಗ ದಿನಾ ಬಸ್ ನಿಲ್ಲುವ ಕಡೆ ಹೋಗುತ್ತಾನಂತೆ. ಇನ್ನೊಂದು ಸುದ್ದಿ. ಬಡಗಿಗೆ ಹೇಳಿ ಒಂದು ಕುರ್ಚಿ ಮಾಡಿಸಿದ್ದಾನೆ. ಕೈ ಇರುವ ಕುರ್ಚಿ, ಸಾಗುವಾನಿಯದು. ಯಾರನ್ನೂ ಅದರ ಮೇಲೆ ಕೂರಿಸುವುದಿಲ್ಲ. ಅವ್ವ ಒಂದು ದಿನ ಒಣಗಿದ ಬಟ್ಟೆ ಇಟ್ಟದ್ದಕ್ಕೆ, "ಏ, ಅದು ಮ್ಯಾನೇಜರ್ ಕುರ್ಚಿ!" ಅಂತ ಕೂಗಾಡಿದನಂತೆ. ಕಾಮನ ಹುಣ್ಣಿಮೆಗೆ ನೀನು ಬರಲೇಬೇಕು ಅಂತ ಅವನದೇ ಹಟ.

ಹೀಗೇ ಇರು, ಉಜ್ಜಿ.

ಅಕ್ಕನಾಗಮ್ಮ

*

ಬಳ್ಳಾರಿ
29 ಜನವರಿ 1977

ಕ್ಷೇಮ. ಹುಣ್ಣಿಮೆಗೆ ಬರುತ್ತೇನೆ.

ಉಜ್ಜಿನಪ್ಪ, ಮ್ಯಾನೇಜರ್

*

ಕುರುಗೋಡು
9 ಮಾರ್ಚ್ 1977

ಉಜ್ಜಿ,

ನೀನು ಬಳ್ಳಾರಿಯ ಬಸ್ಸು ಹತ್ತಿದ ಮೇಲೆ ನಾನು ಇಲ್ಲಿಯೇ ಉಳಿದಿದ್ದೇನೆ. ಅವ್ವನಿಗೆ ಸಂಡಿಗೆ ಹಾಕಿಕೊಡಬೇಕಿತ್ತು. ನೀನು ಬಂದ ದಿನವೂ ನಾನು ಮಾಳಿಗೆಯ ಮೇಲೆ ಹಪ್ಪಳ ಕಾಯುತ್ತಿದ್ದೆ. ನಿನ್ನ ಜೊತೆ ನೆಟ್ಟಗೆ ನಾಲ್ಕು ಮಾತು ಆಡಲಿಲ್ಲ. ಮೇಲಿನಿಂದ ನೋಡಿದೆ. ನೀನು ಆ ಕೈ ಇರುವ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಓಣಿಯ ಹುಡುಗರು, "ಉಜ್ಜಣ್ಣ, ಯಾರ ಮನಿ ಕುಳ್ಳು ಕದಿಯೂಣು?" ಅಂತ ಬಂದಾಗ ಜೇಬಿನಿಂದ ದುಡ್ಡು ತೆಗೆದು, "ಕಟ್ಟಿಗೆ ಕೊಂಡು ತರ್ರಿ" ಅಂದೆ. ಅಪ್ಪನ ಮುಖ ನೋಡಬೇಕಿತ್ತು, ಹಬ್ಬಕ್ಕೆ ಹಚ್ಚಿದ ದೀಪದಂತಿತ್ತು. ನಾನೂ ಹಿಗ್ಗಿದೆ. ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ನೀನು ಹೋದ ಮೇಲೆ ದೊಡ್ಡಬಸಮ್ಮ ಬಂದಳು. ಬೈಯಲಿಕ್ಕೆ ಬಂದಳು ಅಂದುಕೊಂಡೆ.

"ಅಕ್ಕನಾಗಮ್ಮ, ನನ್ನ ಕುಳ್ಳು ಯಾರೂ ಮುಟ್ಟಿಲ್ಲ" ಅಂದಳು.

"ಚೊಲೋನ ಆತಲ್ಲ ಬಿಡು" ಅಂದೆ.

"ಏನು ಚೊಲೋ ಆತು? ಇಡೀ ರಾತ್ರಿ ಗ್ವಾಡಿಗೆ ಒರಗಿ ಕುಂತಿದ್ದೆ. ಬರ್ತಾನ, ಬೈಬೇಕು ಅಂತ. ಬರ್ಲಿಲ್ಲ. ಬೆಳಿಗ್ಗೆ ಅವನ್ನ ನೋಡಾಕ ಬಂದ್ರ ಕುರ್ಚ್ಯಾಗ ಕುಂತಾನ, ಹೆಣಾ ಕುಂದ್ರಿಸಿದಂಗ. ನನ್ನ ನೋಡಿ ಎದ್ದು ನಿಂತು ನಮಸ್ಕಾರ ಅಂದ. ನನಗ! ಹುಡುಗಗ ಏನೋ ಆಗೈತಿ ನೋಡ್ರವ್ವಾ, ಯಾರಿಗರೆ ತೋರಿಸ್ರಿ."

ಅಪ್ಪ, "ಬುದ್ಧಿ ಬಂದೈತಿ ಅವಂಗ, ನಿನಗೇನ್ ತಿಳಿತೈತಿ" ಅಂತ ರೇಗಿದ. ಮುದುಕಿ ಹೋದಳು. ನನಗೆ ಆಮೇಲೆ ಸಂಡಿಗೆಗೆ ಕೈ ಆಡಲಿಲ್ಲ. ನಿನ್ನ ಹಳೆಯ ಪತ್ರಗಳನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ಇಟ್ಟು ನೋಡಿದೆ. ಕೆಲಸ ಇಲ್ಲದಾಗ ಬರೆದದ್ದು ಎಷ್ಟುದ್ದ, ಸಿಕ್ಕ ಮೇಲೆ ಬರೆದದ್ದು ಎಷ್ಟು ಗಿಡ್ಡ.

ಮೂರು ಸಾಲಿನ ಪತ್ರ ಕಳಿಸಿದರೆ ಹರಿದು ಹಾಕುತ್ತೇನೆ. ಏನಾಗಿದೆ, ಬರೆ.

ಅಕ್ಕ

*

ಬಳ್ಳಾರಿ
15 ಮಾರ್ಚ್ 1977

ಅಕ್ಕಾ,

ಏನಾಗಿದೆ ಎಂದರೆ, ಏನೂ ಆಗಿಲ್ಲ. ಅದೇ ತೊಂದರೆ. ಬೆಳಗ್ಗೆಯಿಂದ ಸಂಜೆಯ ತನಕ ನನ್ನ ಕೈಯಿಂದ ಏನೂ ಆಗುವುದಿಲ್ಲ. ಕೆಲಸ ಹುಡುಕುವಾಗ ಸಂಜೆಗೆ ಕಾಲು ನೋಯುತ್ತಿತ್ತು, ಹೊಟ್ಟೆ ಹಸಿಯುತ್ತಿತ್ತು, ನಾಳೆ ಎಲ್ಲಿಗೆ ಹೋಗಲಿ ಎಂಬ ಲೆಕ್ಕಾಚಾರದಲ್ಲೇ ನಿದ್ದೆ ಹತ್ತುತ್ತಿತ್ತು. ಈಗ ಮೈಗೆ ದಣಿವಿಲ್ಲ, ಆದರೂ ಏಳಲಾಗುವುದಿಲ್ಲ. ಚಿಕ್ಕವ್ವನ ರೊಟ್ಟಿ ಅರ್ಧ ತಟ್ಟೆಯಲ್ಲೇ ಉಳಿಯುತ್ತದೆ. ಬೂಟಿಗೆ ಕಾಲು ತೂರಿಸುವಾಗ ದಿನಾ ಎದೆ ಹೊಡೆದುಕೊಳ್ಳುತ್ತದೆ, ಯಾರೋ ಹಿಂದೆ ಬಿದ್ದವರಂತೆ. ಬಿಡಬೇಕೆಂದರೆ ಅಪ್ಪನ ಕುರ್ಚಿ ಕಣ್ಣ ಮುಂದೆ ಬರುತ್ತದೆ.

ಯಂಕಮ್ಮನ ವಿಷಯ ನಿನಗೆ ಅರ್ಧ ಬರೆದಿದ್ದೆ. ನವೆಂಬರಿನಲ್ಲಿ ಒಂದು ದಿನ ಅವಳು, "ನಾನ ಮಾತಾಡ್ತೀನಿ ಕೊಡಪಾ ಅದನ್ನ" ಅಂದಳು. ಕೊಟ್ಟೆ. ಬೇರೇನು ಮಾಡಲಿ? ಎರಡು ಕೈಯಲ್ಲಿ ಹಿಡಿದುಕೊಂಡು, ಸಸಿ ಮಡಿಯೊಳಗೆ ಹಳದಿ ಆಗುತ್ತಿರುವುದನ್ನೂ, ಮಗ ಪಕ್ಕದ ಹೊಲದವರ ನೀರಿಗಾಗಿ ಅಂಗಲಾಚುವುದನ್ನೂ ಆ ಮೊಳೆಗೆ ಹೇಳಿದಳು. ಆಮೇಲೆ ಸುಮ್ಮನೆ ಕೇಳಿಸಿಕೊಂಡಳು, ಬಹಳ ಹೊತ್ತು. "ಏನೂ ಕೇಳವಲ್ದಲ್ಲಪಾ" ಅಂದಳು. "ಲೈನು ಸರಿ ಇಲ್ಲಮ್ಮ" ಅಂದೆ. "ಪಾಪ, ಅವ್ರ ಕಡಿ ಮಳಿ ಇರಬೇಕು" ಅಂತ ನನಗೇ ಸಮಾಧಾನ ಹೇಳಿ, ಸೆರಗಿನಲ್ಲಿದ್ದ ಹುರಿಗಡಲೆ ಕೊಟ್ಟು ಹೋದಳು.

ನಾನು ದೊಡ್ಡಬಸಮ್ಮನ ಕುಳ್ಳು ಕದಿಯುವಾಗ ಅವಳಿಗೆ ಗೊತ್ತಿರುತ್ತದೆ, ಕದ್ದವನು ನಾನೇ ಎಂದು. ಅದಕ್ಕೇ ಅದು ಆಟ. ಅವಳು ಬೈಯುತ್ತಾಳೆ, ನಾನು ಓಡುತ್ತೇನೆ, ಇಬ್ಬರಿಗೂ ಹೊಟ್ಟೆ ತುಂಬ ನಗು. ಯಂಕಮ್ಮನಿಗೆ ಗೊತ್ತಿಲ್ಲ. ಆವತ್ತಿನಿಂದ ನನಗೆ ಯಾವ ಆಟಕ್ಕೂ ಮನಸ್ಸಿಲ್ಲ. ಹುಣ್ಣಿಮೆಯ ದಿನ ಹುಡುಗರು ಬಂದಾಗ ಏಳೋಣವೆಂದು ನೋಡಿದೆ ಅಕ್ಕಾ. ಆಗಲಿಲ್ಲ.

ಉಜ್ಜಿ

*

ಸಿರುಗುಪ್ಪ
21 ಮಾರ್ಚ್ 1977

ಉಜ್ಜಿ,

ಬಿಡು.

ಯಾವ ಕೆಲಸವಾದರೂ ಹಿಡಿ ಅಂತ ಬರೆದವಳು ನಾನೇ. ಅದೇ ಕೈಯಿಂದ ಬರೆಯುತ್ತಿದ್ದೇನೆ, ಬಿಡು. ನಿನ್ನ ಮಾವನಿಗೆ ಪತ್ರ ಕೊಟ್ಟೆ. ಓದಿ ಊಟ ಬಿಟ್ಟು ಎದ್ದರು. "ಸಂಬಳ ಬರ್ತೈತಿ, ಹುಡುಗ ಬರಂಗಿಲ್ಲ. ಬ್ಯಾಡಂತ ಬರಿ" ಅಂದರು. ಅಪ್ಪನಿಗೆ ನಾನು ಹೇಳುತ್ತೇನೆ. ಬೈದರೆ ನನ್ನನ್ನೇ ಬೈಯಲಿ, ಮದುವೆಯಾದ ಮೇಲೆ ಬೈಸಿಕೊಂಡು ಬಹಳ ದಿನವಾಯಿತು.

ಅಕ್ಕ

*

ಬಳ್ಳಾರಿ, ಬೇವಿನ ಮರದ ಕೆಳಗೆ
12 ಏಪ್ರಿಲ್ 1977

ಸಿರುಗುಪ್ಪದ ಮಹಾರಾಣಿಯವರ ಒಂದೇ ಪದದ ಆಜ್ಞಾಪತ್ರವನ್ನು ಶಿರಸಾವಹಿಸಿ ಸಿಂಹಾಸನ ತ್ಯಾಗ ಮಾಡಲಾಗಿದೆ.

ಕೊನೆಯ ದಿನ ಯಂಕಮ್ಮ ಬಂದಳು. ನಾನು ಬೂಟು ಬಿಚ್ಚಿ ಮೇಜಿನ ಮೇಲಿಟ್ಟು, "ನಡಿಯಮ್ಮ, ಈ ಫೋನು ಕೆಟ್ಟೈತಿ" ಎಂದು ಅವಳನ್ನು ತಾರು ಕಚೇರಿಗೆ ಕರೆದುಕೊಂಡು ಹೋದೆ. ಎಂಜಿನ್ ಕಂಪನಿಯ ಮದರಾಸಿನ ಡಿಪೋಗೆ ಟ್ರಂಕ್ ಕಾಲ್ ಬರೆಸಿ ಇಬ್ಬರೂ ಬೆಂಚಿನ ಮೇಲೆ ಕೂತೆವು. ಮೊಳೆಯ ಕಥೆಯನ್ನು ಅಲ್ಲಿಯೇ ಹೇಳಿದೆ. ಅವಳು ಎಲೆ ಅಡಿಕೆ ಚೀಲ ಬಿಚ್ಚಿ ತಾನೊಬ್ಬಳೇ ಹಾಕಿಕೊಂಡಳು. ನನಗೆ ಕೊಡಲಿಲ್ಲ. ಅಷ್ಟೇ ಶಿಕ್ಷೆ.

ಲೈನು ಸಿಕ್ಕಿತು. ಆ ಕಡೆಯವನಿಗೆ ತೆಲುಗು ಬರುತ್ತಿತ್ತು. ಯಂಕಮ್ಮ ಫೋನು ಕಸಿದುಕೊಂಡು, "ಏಮಯ್ಯಾ, ನಾ ವಾಲ್ವು ಎಪ್ಪುಡು ಪಂಪಿಸ್ತಾವು?" ಎಂದು, ಅಂದರೆ ಯಾವಾಗ ಕಳಿಸುತ್ತೀ ಎಂದು, ಕೂಗಿದ್ದಕ್ಕೆ ತಾರು ಕಚೇರಿಯೇ ನಡುಗಿತು. ಆಮೇಲೆ ಕಣ್ಣರಳಿಸಿ ನನ್ನ ಕಡೆ ತಿರುಗಿ, "ಲೇ, ಇದರಾಗ ಮನಿಷಾ ಅದಾನ!" ಅಂದಳು.

ವಾಲ್ವಿಗೆ ನಮ್ಮ ಅಂಗಡಿಯಿಂದ ಬೇಡಿಕೆಯೇ ಹೋಗಿರಲಿಲ್ಲ. ಈಗ ನೇರವಾಗಿ ಅವಳ ಹೆಸರಿಗೆ ಪಾರ್ಸೆಲ್ ಬರುತ್ತದೆ. ಹೋಗುವಾಗ ಎಲೆ ಮಡಿಚಿ ನನ್ನ ಕೈಗಿಟ್ಟು, "ಕರೂರಿಗೆ ಬಾ, ಎಂಜಿನ್ ಓಡೋದು ನೋಡೀಯಂತೆ" ಅಂದಳು.

ಬೇವಿನ ಮರದಡಿ ಸಂಘದವರು ನನಗೆ ಮತ್ತೆ ಅಧ್ಯಕ್ಷ ಪದವಿ ಕೊಟ್ಟರು. ನಡುವೆ ಕೆಲಸಕ್ಕೆ ಸೇರಿದ ಅಪರಾಧಕ್ಕೆ ಎಲ್ಲರಿಗೂ ಚಹಾ ದಂಡ. ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆನೋ ಗೊತ್ತಿಲ್ಲ. ಚಿಕ್ಕವ್ವ ನೀರು ಚಿಮುಕಿಸಿ ಎಬ್ಬಿಸಿದಳು.

ಇಂತಿ ಮಾಜಿ ಮ್ಯಾನೇಜರ್, ಹಾಲಿ ಅಧ್ಯಕ್ಷ

*

ಸಿರುಗುಪ್ಪ
5 ಜೂನ್ 1977

ಅಧ್ಯಕ್ಷರಿಗೆ ಅಕ್ಕನ ಆಶೀರ್ವಾದ.

ಅಪ್ಪ ಆ ಕುರ್ಚಿಯನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟಿದ್ದಾನಂತೆ. ನಿನ್ನ ಹೆಸರು ಎತ್ತುವ ಹಾಗಿಲ್ಲ. ಅದು ಇರಲಿ.

ಇಲ್ಲಿ ಪಕ್ಕೀರಪ್ಪ ಎಂಬವರ ಟೂರಿಂಗ್ ಟಾಕೀಸಿನ ಡೇರೆ ಬಂದಿದೆ. ಜಟಕಾದಲ್ಲಿ ಕೂತು ಊರ ತುಂಬ ಸಿನಿಮಾ ಸಾರುವವನು ಬಿಟ್ಟು ಹೋದನಂತೆ. ಈಗ ಪಕ್ಕೀರಪ್ಪನೇ ಸಾರುತ್ತಾರೆ. ಸಾವಿನ ಸುದ್ದಿ ಹೇಳಿದ ಹಾಗಿರುತ್ತದೆ. ನಿನ್ನ ಮಾವ ನಿನ್ನ ಬಗ್ಗೆ ಹೇಳಿದ್ದಕ್ಕೆ, "ಗೋಡೆಗೆ ಪೋಸ್ಟರ್ ಅಂಟಿಸಬೇಕ್ರಿ, ಗೇಟಿನಾಗ ನಿಂದ್ರಬೇಕು, ಡೇರೆ ಹಗ್ಗಾನೂ ಎಳಿಬೇಕು. ಬಿ.ಎ. ಹುಡುಗ ಮಾಡ್ತಾನೇನ್ರಿ?" ಅಂದರಂತೆ. ಸಂಬಳ ಎಂಜಿನ್ ಅಂಗಡಿಗಿಂತ ಕಡಿಮೆ. ಕುರ್ಚಿ ಇಲ್ಲ, ಫ್ಯಾನೂ ಇಲ್ಲ.

ಈ ಸಲ ಹಿಡಿ ಅಂತ ನಾನು ಬರೆಯುವುದಿಲ್ಲ. ಬಂದು ನೋಡು. ಮನಸ್ಸಾದರೆ ಮಾಡು.

ಅಕ್ಕ

*

ಕುರುಗೋಡು, ಟೂರಿಂಗ್ ಟಾಕೀಸಿನ ಡೇರೆ
27 ಮಾರ್ಚ್ 1978

ಸಿರುಗುಪ್ಪದ ಮಹಾಜನಗಳಿಗೆ, ಅವರಲ್ಲೂ ಮುಖ್ಯವಾಗಿ ಅಕ್ಕನಾಗಮ್ಮನವರಿಗೆ, ಈ ಮೂಲಕ ಸಾರುವುದೇನೆಂದರೆ!

ನಿಮ್ಮ ಊರಿನಿಂದ ಡೇರೆ ಕಿತ್ತು ಇಲ್ಲಿಗೆ ಬಂದ ಮೇಲೆ ಇದೇ ಮೊದಲ ದೊಡ್ಡ ಪತ್ರ. ಪುರುಸೊತ್ತೇ ಇಲ್ಲ ಅಕ್ಕಾ. ಬೆಳಗ್ಗೆ ಅಂಟು ಕಾಯಿಸಬೇಕು, ಮಧ್ಯಾಹ್ನ ಜಟಕಾ, ಸಂಜೆ ಗೇಟು. ಅಂಗೈಯಲ್ಲಿ ಹಗ್ಗದ ಬೊಬ್ಬೆ. "ಬನ್ನಿರಿ, ನಗಿರಿ, ಅಳಿರಿ! ಅಳು ಬಾರದವರು ಆಟ ಮುಗಿದ ಮೇಲೆ ಗೇಟಿನಲ್ಲಿ ನನ್ನನ್ನು ಕಾಣಿರಿ, ನಮ್ಮ ಸಂಬಳ ಹೇಳಿ ಅಳಿಸಲಾಗುವುದು!" ಎಂದು ಗಂಭೀರವಾಗಿ ಸಾರಿದರೆ ಬಾಗಿಲಿಗೆ ಬಂದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ನಾನು ಆಡುತ್ತಿರುವುದು ಅವರಿಗೆ ಗೊತ್ತು. ಅವರಿಗೆ ಗೊತ್ತೆಂದು ನನಗೆ ಗೊತ್ತು.

ನಮ್ಮ ಓಣಿಗೆ ಜಟಕಾ ತಿರುಗಿದಾಗ ಮಾತ್ರ ಅಪ್ಪ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಮನೆಗೆ ಹೋದರೆ ಅವ್ವ ಬಡಿಸುತ್ತಿದ್ದಳು, ಅಪ್ಪ ಮಾತನಾಡುತ್ತಿರಲಿಲ್ಲ.

ಈಗ ಹಬ್ಬದ ವರದಿ. ಕಾಮನ ಹುಣ್ಣಿಮೆಯ ಸಂಜೆ ಹುಡುಗರ ಸೈನ್ಯದೊಂದಿಗೆ ದೊಡ್ಡಬಸಮ್ಮನ ಹಿತ್ತಲಿಗೆ ನುಗ್ಗಿದೆ. ಒಣಗಿದ ಕುಳ್ಳನ್ನೆಲ್ಲ ಮುದುಕಿ ಗೋಡೆಯ ಈಚೆಗೇ, ಕೈಗೆ ಸಿಗುವಂತೆ ಪೇರಿಸಿಟ್ಟಿದ್ದಳು. ತಾನು ಬಾಗಿಲಲ್ಲೇ ಕಂಬಳಿ ಹೊದ್ದು ಮಲಗಿ, ಓಣಿಗೆಲ್ಲ ಕೇಳುವಂತೆ ಗೊರಕೆ. ಇಷ್ಟು ಕೆಟ್ಟ ನಟನೆಯನ್ನು ನಮ್ಮ ಡೇರೆಯಲ್ಲೂ ನೋಡಿಲ್ಲ.

ಹೊತ್ತುಕೊಂಡು ನಮ್ಮ ಮನೆಯ ಮುಂದೆ ಬರುವಾಗ ಕಾಲು ನಿಂತಿತು. ಕಟ್ಟೆಯ ಮೇಲೆ ಆ ಕೈ ಇರುವ ಕುರ್ಚಿ. ರಾತ್ರಿ ಕಸಬರಿಗೆಯನ್ನೂ ಹೊರಗೆ ಬಿಡದ ಅಪ್ಪ! ಬಾಗಿಲು ಮುಚ್ಚಿತ್ತು. ಒಳಗಿನಿಂದ ಅಪ್ಪನ ದನಿ, ಬೇಕೆಂದೇ ಎತ್ತರಿಸಿದ್ದು:

"ಏ, ಕುರ್ಚಿ ಹೊರಗ ಐತಿ. ಇವತ್ತು ಕಳ್ಳ ಹುಡುಗ್ರು ಅಡ್ಡಾಡ್ತಾವು."

"ಒಳಗ ತರ್ಲೇನು?" ಅವ್ವ ಕೇಳಿದಳು.

"ಬ್ಯಾಡ. ಇರ್ಲಿ ಬಿಡು."

ಆಮೇಲೆ ಕೆಮ್ಮು. ಆಮೇಲೆ ದೀಪ ಆರಿತು.

ಕದ್ದೆ ಅಕ್ಕಾ. ಕುಳ್ಳಿನ ರಾಶಿಯ ಮೇಲೆ ಕುರ್ಚಿ ಇಟ್ಟು, ಕಾಮಣ್ಣನನ್ನು ಅದರಲ್ಲೇ ಕೂರಿಸಿದೆ. ಬೆಂಕಿ ಇಡುವಾಗ ಹುಡುಗರ ಜೊತೆ ನಾನೂ ಬಾಯಿ ಬಡಿದುಕೊಂಡೆ. ಗಂಟಲು ಇನ್ನೂ ಸರಿಹೋಗಿಲ್ಲ, ನಿನ್ನೆಯ ಸಿನಿಮಾವನ್ನು ಪಕ್ಕೀರಪ್ಪನವರೇ ಸಾರಬೇಕಾಯಿತು, ಜನವೂ ಕಡಿಮೆ ಬಂದರು.

ಸುಟ್ಟ ಮರುದಿನ ಬೆಳಗ್ಗೆ ದೊಡ್ಡಬಸಮ್ಮ ಲಬೋ ಲಬೋ ಅನ್ನುತ್ತ ನಮ್ಮ ಮನೆಗೆ ಬಂದಳು. ಅಪ್ಪನ ಮುಂದೆ ನಿಂತು, "ನಿನ್ನ ಮಗ ನನ್ನ ಕುಳ್ಳೆಲ್ಲಾ ಬಳಕೊಂಡು ಹೋಗ್ಯಾನ, ಏನ್ ಹೇಳ್ತೀ ಹೇಳು!" ಎಂದಳು. ಬೈಯುವಾಗ ಅವಳ ಮುಖ ಚಿಕ್ಕ ಹುಡುಗಿಯದಾಗಿತ್ತು.

"ನಿನ್ನ ಕುಳ್ಳಿಂದು ಏನ್ ಹೇಳ್ತೀಯಬೇ! ನನ್ನ ಕುರ್ಚಿನ ಹೋಗೈತಿ" ಎಂದ ಅಪ್ಪ. ಆಮೇಲೆ ನನ್ನ ಕಡೆ ನೋಡಿದ. ಕೆಲಸ ಬಿಟ್ಟ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಇದು: "ಲೇ, ಚೊಲೋ ಉರೀತೇನು?"

"ಉರೀತಪ್ಪ. ಎಷ್ಟಾದ್ರೂ ಸಾಗುವಾನಿ."

"ಎಲ್ಲೀ ಸಾಗುವಾನಿ! ಬಡಗಿ ನನಗ ಟೊಪ್ಪಿಗಿ ಹಾಕ್ಯಾನ. ಬೇವು ಲೇ ಅದು" ಎಂದು, ನಗಬಾರದೆಂದು ಮೀಸೆ ಒರೆಸಿಕೊಂಡ. ತಡೆಯಲಿಲ್ಲ. ನಕ್ಕ.

ಈಗ ನಮ್ಮ ಮನೆಯಲ್ಲಿ ಕುರ್ಚಿ ಇಲ್ಲ. ನಾನೂ ಅಪ್ಪನೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ದೊಡ್ಡಬಸಮ್ಮ ತಂದ ಹೋಳಿಗೆ ತಿಂದೆವು.

ಮಧ್ಯಾಹ್ನ ಜಟಕಾ ಹೊರಡುವ ಹೊತ್ತಾಯಿತು.

ಉಜ್ಜಿ